ಅಣುತ್ಯಾಜ್ಯದಿಂದ ಆಸ್ಪತ್ರೆಗೆ: ಸೀಸಿಯಂ, ಯಿಟ್ರಿಯಂ, ರುಥೇನಿಯಂ ಬರುವ ದಾರಿ

2025ರ ಫೆಬ್ರವರಿಯ ಕೇಂದ್ರ ಬಜೆಟ್‌ನಲ್ಲಿ ಒಂದು ದೊಡ್ಡ ಗುರಿ ಪ್ರಕಟವಾಯಿತು: 2047ರ ಹೊತ್ತಿಗೆ ದೇಶದ ಅಣುವಿದ್ಯುತ್ ಸಾಮರ್ಥ್ಯ 100 ಗಿಗಾವ್ಯಾಟ್ ಆಗಬೇಕು. ಆಗ ಇದ್ದದ್ದು ಸುಮಾರು 8 ಗಿಗಾವ್ಯಾಟ್. ಅಂದಿನಿಂದ ಈ ವಿಷಯ ಬಂದಾಗಲೆಲ್ಲ ಎರಡು ಮಾತು ಎದುರುಬದುರು ನಿಲ್ಲುತ್ತವೆ. ಅಣುತ್ಯಾಜ್ಯ ಸಾವಿರಾರು ವರ್ಷ ಉಳಿಯುವ ವಿಷ ಎನ್ನುವುದು ಒಂದು. ಅದು ತ್ಯಾಜ್ಯವೇ ಅಲ್ಲ, ಅದರಿಂದ ಕ್ಯಾನ್ಸರ್‌ಗೆ ಔಷಧ ತೆಗೆಯುತ್ತಾರೆ ಎನ್ನುವುದು ಇನ್ನೊಂದು. ಎರಡನೆಯದು ನಿಮ್ಮ ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿಗೂ ಒಮ್ಮೆಯಾದರೂ ಬಂದಿರುತ್ತದೆ.

ಆ ಮಾತು ಸುಳ್ಳಲ್ಲ. ಮುಂಬೈಯ ಟ್ರಾಂಬೆಯಲ್ಲಿರುವ ಭಾಭಾ ಪರಮಾಣು ಸಂಶೋಧನಾ ಕೇಂದ್ರ, ಅಂದರೆ ಬಾರ್ಕ್, ತ್ಯಾಜ್ಯದ ದ್ರಾವಣದಿಂದ ಸೀಸಿಯಂ-137, ಸ್ಟ್ರಾಂಷಿಯಂ-90 ಮತ್ತು ರುಥೇನಿಯಂ-106 ಎಂಬ ಮೂರು ವಿಕಿರಣಶೀಲ ಲೋಹಗಳನ್ನು ಬೇರ್ಪಡಿಸಿ ವೈದ್ಯಕೀಯ ಬಳಕೆಗೆ ತಂದಿದೆ. ಆದರೆ ವಾಟ್ಸ್ಆ್ಯಪ್ ಹೇಳುವಷ್ಟು ಸಲೀಸೂ ಅಲ್ಲ. ತ್ಯಾಜ್ಯಕ್ಕೂ ಔಷಧಕ್ಕೂ ನಡುವೆ ನಿಂತಿರುವುದು ಶುದ್ಧೀಕರಣದ ಕೆಮಿಸ್ಟ್ರಿ. ಈ ಮೂರರಲ್ಲಿ ಒಂದು ಲೋಹದ ವಿಷಯದಲ್ಲಂತೂ ನಲವತ್ತು ಸಾವಿರದಲ್ಲಿ ಒಂದು ಪಾಲು ಕಲಬೆರಕೆ ಉಳಿದರೂ ಅದನ್ನು ರೋಗಿಗೆ ಕೊಡುವಂತಿಲ್ಲ. ಫಾರ್ಮಸಿ ಓದಿದ ನನಗೆ ಈ ಕಥೆಯಲ್ಲಿ ಅತ್ಯಂತ ಮುಖ್ಯ ಎನಿಸುವುದು ಇದೇ.

ಸಾರಿನ ಮೇಲೆ ತೇಲುವ ಎಣ್ಣೆ

ಕಾರವಾರದ ಹತ್ತಿರದ ಕೈಗಾದಲ್ಲಿರುವಂಥ ಭಾರಜಲ ರಿಯಾಕ್ಟರ್‌ನಿಂದ ಹೊರತೆಗೆದ ಇಂಧನದಲ್ಲಿ ಶೇ. 98ಕ್ಕೂ ಹೆಚ್ಚು ಭಾಗ ಇನ್ನೂ ಯುರೇನಿಯಂ ಆಗಿಯೇ ಇರುತ್ತದೆ. ಅರ್ಧ ಶೇಕಡಕ್ಕಿಂತ ಕಡಿಮೆ ಪ್ಲುಟೋನಿಯಂ ಹುಟ್ಟಿರುತ್ತದೆ. ಯುರೇನಿಯಂ ಪರಮಾಣುಗಳು ಒಡೆದು ಉಂಟಾದ ಚೂರುಗಳು ಶೇ. 1ಕ್ಕಿಂತಲೂ ಕಡಿಮೆ. ಅಪಾಯದ ಬಹುಪಾಲು ಇರುವುದು ಈ ಸಣ್ಣ ಪಾಲಿನಲ್ಲೇ. ಯುರೇನಿಯಂ-235ರ ಪ್ರತಿ 100 ಪರಮಾಣು ಒಡೆದಾಗ ಸುಮಾರು 6 ಸಲ ಸೀಸಿಯಂ-137, ಹೆಚ್ಚುಕಡಿಮೆ ಅಷ್ಟೇ ಸಲ ಸ್ಟ್ರಾಂಷಿಯಂ-90 ಉಂಟಾಗುತ್ತದೆ. ಕೆಲವು ವರ್ಷ ನೀರಿನ ಕೊಳದಲ್ಲಿಟ್ಟು ತಣಿಸಿದ ಮೇಲೆ ಉಳಿಯುವ ಶಾಖ ಮತ್ತು ವಿಕಿರಣದ ಮುಖ್ಯ ಕಾರಣ ಈ ಎರಡೇ.

ಅನೇಕ ದೇಶಗಳು ಬಳಸಿದ ಇಂಧನವನ್ನು ಹಾಗೆಯೇ ಇಟ್ಟುಕೊಂಡು ಮುಂದೊಂದು ದಿನ ಆಳದಲ್ಲಿ ಹೂಳುವ ಯೋಚನೆಯಲ್ಲಿವೆ. ಭಾರತ ಅದನ್ನು ಕರಗಿಸಿ ಬೇರ್ಪಡಿಸುವ ದಾರಿ ಹಿಡಿದಿದೆ. ಟ್ರಾಂಬೆಯಲ್ಲಿ ಮೊದಲ ಮರುಸಂಸ್ಕರಣಾ ಘಟಕ ಶುರುವಾದದ್ದು 1964ರಲ್ಲಿ. ಆಮೇಲೆ ತಾರಾಪುರ, ಕಲ್ಪಾಕ್ಕಂಗಳಲ್ಲೂ ಘಟಕಗಳು ಬಂದವು. ವೈದ್ಯಕೀಯ ಲೋಹಗಳು ನಮಗೆ ಸಿಗಲು ಈ ಆಯ್ಕೆಯೇ ಕಾರಣ.

ಬೇರ್ಪಡಿಸುವ ಕ್ರಮವನ್ನು ಅರ್ಥ ಮಾಡಿಕೊಳ್ಳಲು ನಿಮ್ಮ ಅಡುಗೆಮನೆ ಸಾಕು. ಒಗ್ಗರಣೆ ಹಾಕಿದ ಸಾರನ್ನು ಸ್ವಲ್ಪ ಹೊತ್ತು ಬಿಟ್ಟು ನೋಡಿ. ಮೇಲೆ ತೇಲುವ ಎಣ್ಣೆ ಕೆಂಪಗಿರುತ್ತದೆ. ಮೆಣಸಿನಕಾಯಿಯ ಬಣ್ಣ ಎಣ್ಣೆಗೆ ಹೋಗಿದೆ, ಉಪ್ಪು ಮಾತ್ರ ನೀರಿನಲ್ಲೇ ಉಳಿದಿದೆ. ಯಾರೂ ಆರಿಸಿ ತೆಗೆಯಲಿಲ್ಲ, ಯಾವುದಕ್ಕೆ ಎಲ್ಲಿ ಒಗ್ಗುತ್ತದೋ ಅಲ್ಲಿಗೆ ಹೋಯಿತು. ಮರುಸಂಸ್ಕರಣಾ ಘಟಕದಲ್ಲಿ ನೀರಿನ ಜಾಗದಲ್ಲಿರುವುದು ಇಂಧನ ಕರಗಿದ ನೈಟ್ರಿಕ್ ಆಸಿಡ್. ಎಣ್ಣೆಯ ಜಾಗದಲ್ಲಿ ಸೀಮೆಎಣ್ಣೆಯ ಜಾತಿಯ ದ್ರವ, ಅದರಲ್ಲಿ ಸುಮಾರು ಶೇ. 30 ಟ್ರೈಬ್ಯುಟೈಲ್ ಫಾಸ್ಫೇಟ್. ಎರಡನ್ನೂ ಚೆನ್ನಾಗಿ ಕಲಕಿ ಬಿಟ್ಟರೆ ಯುರೇನಿಯಂ, ಪ್ಲುಟೋನಿಯಂ ಎಣ್ಣೆಗೆ ಏರುತ್ತವೆ, ಉಳಿದ ಚೂರುಗಳು ಆಸಿಡ್‌ನಲ್ಲೇ ನಿಲ್ಲುತ್ತವೆ. ಪ್ಲುಟೋನಿಯಂನ ವಿದ್ಯುದಾವೇಶವನ್ನು ಒಂದು ಮೆಟ್ಟಿಲು ಇಳಿಸಿದರೆ ಅದು ಎಣ್ಣೆ ಬಿಟ್ಟು ಮತ್ತೆ ಆಸಿಡ್‌ಗೆ ಬರುತ್ತದೆ. ಹೀಗೆ ಅವೆರಡೂ ಬೇರೆಯಾಗುತ್ತವೆ. ಇದೇ ಪ್ಯೂರೆಕ್ಸ್ ವಿಧಾನ. ಇದನ್ನೆಲ್ಲ ಮಾಡುವುದು ದಪ್ಪ ಕಾಂಕ್ರೀಟ್ ಗೋಡೆಯ ಆಚೆ, ದೂರನಿಯಂತ್ರಣದಿಂದ.

ಕೊನೆಗೆ ಆಸಿಡ್‌ನಲ್ಲಿ ಉಳಿದದ್ದೇ ಉನ್ನತ ಮಟ್ಟದ ದ್ರವತ್ಯಾಜ್ಯ. ಅದರಲ್ಲಿ ಹತ್ತಾರು ಧಾತುಗಳಿರುತ್ತವೆ. ಇದನ್ನು ಬೋರೋಸಿಲಿಕೇಟ್ ಗಾಜಿನೊಳಗೆ ಕರಗಿಸಿ ಸ್ಟೀಲ್ ಡಬ್ಬಿಗಳಲ್ಲಿ ಮುಚ್ಚಿಡುವುದು ರೂಢಿ. ಹಾಗೆ ಗಾಜಾಗುವ ಮೊದಲೇ ಉಪಯೋಗದ ಲೋಹಗಳನ್ನು ಎತ್ತಿಕೊಳ್ಳುವುದು ಈಗಿನ ಪ್ರಯತ್ನ.

ಸೀಸಿಯಂ: ರಕ್ತದ ಚೀಲಕ್ಕೆ

ಸೀಸಿಯಂ ಹಿಡಿಯುವುದು ಕಷ್ಟ, ಏಕೆಂದರೆ ಅದು ಸೋಡಿಯಂನ ದಾಯಾದಿ. ಹಳೆಯ ತ್ಯಾಜ್ಯದ ತೊಟ್ಟಿಯಲ್ಲಿ ಸೋಡಿಯಂ ರಾಶಿ ರಾಶಿ ಇರುತ್ತದೆ, ಸೀಸಿಯಂ ಚಿಟಿಕೆಯಷ್ಟು. ಇಲ್ಲಿ ಬಳಕೆಯಾದದ್ದು ಕ್ಯಾಲಿಕ್ಸ್-ಕ್ರೌನ್ ಎಂಬ ಬಟ್ಟಲಿನಾಕಾರದ ಅಣು. ಅದರ ಬಾಯಿಯ ಅಳತೆ ಸೀಸಿಯಂ ಅಯಾನಿಗೆ ಸರಿಯಾಗಿ ಕೂರುತ್ತದೆ. ಅದಕ್ಕಿಂತ ಚಿಕ್ಕದಾದ ಸೋಡಿಯಂ ಅಲ್ಲಿ ನೆಲೆ ನಿಲ್ಲುವುದಿಲ್ಲ. ಹೀಗೆ ಎಣ್ಣೆಗೆ ಎತ್ತಿದ ಸೀಸಿಯಂ ಅನ್ನು ಮತ್ತೆ ನೀರಿಗೆ ಇಳಿಸಿ, ಗಾಜಿನೊಳಗೆ ಕರಗಿಸಿ, ಸ್ಟೀಲ್ ಪೆನ್ಸಿಲ್‌ಗಳಲ್ಲಿ ತುಂಬುತ್ತಾರೆ. ಟ್ರಾಂಬೆಯ ಘಟಕದಲ್ಲಿ ತಯಾರಾದ ಈ ಪೆನ್ಸಿಲ್‌ಗಳು ಬ್ಲಡ್ ಇರ್ರೇಡಿಯೇಟರ್ ಎಂಬ ಯಂತ್ರದೊಳಗೆ ಕೂರುತ್ತವೆ.

ರಕ್ತಕ್ಕೆ ವಿಕಿರಣ ಯಾಕೆ ಬೇಕು? ದಾನಿಯ ರಕ್ತದಲ್ಲಿ ಟಿ-ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಿರುತ್ತವೆ. ಸಾಮಾನ್ಯವಾಗಿ ರೋಗಿಯ ದೇಹ ಅವನ್ನು ಪರಕೀಯವೆಂದು ಗುರುತಿಸಿ ನಾಶ ಮಾಡುತ್ತದೆ. ರೋಗಿಯ ರೋಗನಿರೋಧಕ ಶಕ್ತಿ ತೀರಾ ಕುಗ್ಗಿದ್ದರೆ ಆಗುವುದು ಉಲ್ಟಾ: ದಾನಿಯ ಕಣಗಳು ಬೇರೂರಿ ರೋಗಿಯ ಚರ್ಮ, ಕರುಳು, ಯಕೃತ್ತು, ಅಸ್ಥಿಮಜ್ಜೆಯ ಮೇಲೆ ದಾಳಿ ಮಾಡುತ್ತವೆ. ಇದು ಅಪರೂಪ. ಆದರೆ ಬಂದವರಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿ ಉಳಿಯುವುದಿಲ್ಲ. ರಕ್ತದ ಚೀಲಕ್ಕೆ ಸುಮಾರು 25 ಗ್ರೇ ವಿಕಿರಣ ಕೊಟ್ಟರೆ ಆ ಲಿಂಫೋಸೈಟ್‌ಗಳು ಮುಂದೆ ವಿಭಜನೆ ಹೊಂದಲಾರವು. ಕೆಂಪು ರಕ್ತಕಣಗಳ ಕೆಲಸ ನಡೆಯುತ್ತಲೇ ಇರುತ್ತದೆ.

ಇಲ್ಲಿ ನೀವು ನೆನಪಿಡಬೇಕಾದ ಒಂದು ಸಂಗತಿ ಇದೆ. ಸ್ವಂತ ಅಣ್ಣತಮ್ಮಂದಿರು, ತಂದೆತಾಯಿ, ಮಕ್ಕಳು ಕೊಡುವ ರಕ್ತವೇ ಶ್ರೇಷ್ಠ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಈ ತೊಂದರೆಯ ಮಟ್ಟಿಗೆ ಅದು ತಿರುಗುಮುರುಗು. ಹತ್ತಿರದ ರಕ್ತಸಂಬಂಧಿಯ ಕಣಗಳು ರೋಗಿಯ ಕಣಗಳಿಗೆ ಎಷ್ಟು ಹೋಲುತ್ತವೆಂದರೆ ದೇಹ ಅವನ್ನು ಪರಕೀಯವೆಂದು ಗುರುತಿಸುವುದೇ ಇಲ್ಲ. ಆದ್ದರಿಂದ ಮನೆಯವರ ರಕ್ತ ಕೊಡುವುದಾದರೆ, ರೋಗಿ ಮೇಲ್ನೋಟಕ್ಕೆ ಗಟ್ಟಿಮುಟ್ಟಾಗಿದ್ದರೂ, ಅದನ್ನು ಇರ್ರೇಡಿಯೇಟ್ ಮಾಡಿಸಬೇಕು. ಅಸ್ಥಿಮಜ್ಜೆ ಕಸಿ ಆದವರು, ಹಾಡ್ಜ್‌ಕಿನ್ ಲಿಂಫೋಮಾ ಇರುವವರು, ಫ್ಲುಡರಾಬಿನ್‌ನಂಥ ಔಷಧ ತೆಗೆದುಕೊಂಡವರು, ಗರ್ಭದಲ್ಲಿರುವಾಗಲೇ ರಕ್ತ ಪಡೆದ ಶಿಶುಗಳು ಕೂಡ ಈ ಪಟ್ಟಿಯಲ್ಲಿದ್ದಾರೆ. ಬ್ಲಡ್ ಬ್ಯಾಂಕಿನಲ್ಲಿ ಕೇಳಲು ಸಂಕೋಚ ಬೇಡ.

ಚೀಲದ ಮೇಲೆ ‘ಇರ್ರೇಡಿಯೇಟೆಡ್’ ಎಂಬ ಚೀಟಿ ನೋಡಿ ಗಾಬರಿಯಾಗುವವರೂ ಇದ್ದಾರೆ. ಆ ರಕ್ತ ವಿಕಿರಣ ಸೂಸುವುದಿಲ್ಲ. ಎಕ್ಸ್-ರೇ ತೆಗೆಸಿಕೊಂಡು ಬಂದವರು ವಿಕಿರಣ ಸೂಸದ ಹಾಗೆಯೇ ಇದು. ಸೀಸಿಯಂ ಇರುವುದು ಯಂತ್ರದ ಸೀಸದ ಗೋಡೆಯೊಳಗೆ, ಅದು ರಕ್ತವನ್ನು ಮುಟ್ಟುವುದೇ ಇಲ್ಲ. ನಿಜವಾದ ಎಚ್ಚರ ಬೇರೆ ಇದೆ: ವಿಕಿರಣ ಕೊಟ್ಟ ಮೇಲೆ ಕೆಂಪು ಕಣಗಳಿಂದ ಪೊಟ್ಯಾಸಿಯಂ ಸೋರುವುದು ಹೆಚ್ಚುತ್ತದೆ. ಹಾಗಾಗಿ ನವಜಾತ ಶಿಶುಗಳಿಗೆ ದೊಡ್ಡ ಪ್ರಮಾಣದಲ್ಲಿ ಕೊಡುವಾಗ ಆಗತಾನೇ ಇರ್ರೇಡಿಯೇಟ್ ಮಾಡಿದ ರಕ್ತವೇ ಬೇಕು.

ಈ ಕೆಲಸಕ್ಕೆ ಭಾರತದಲ್ಲಿ ಕೋಬಾಲ್ಟ್-60 ಕೂಡ ಬಳಕೆಯಲ್ಲಿದೆ. ಅದರ ಅರ್ಧಾಯು, ಅಂದರೆ ಶಕ್ತಿ ಅರ್ಧಕ್ಕೆ ಇಳಿಯುವ ಕಾಲ, 5.27 ವರ್ಷ. ಸೀಸಿಯಂ-137ರದ್ದು ಸುಮಾರು 30 ವರ್ಷ. ಆಸ್ಪತ್ರೆಗೆ ಇದು ಸಣ್ಣ ವ್ಯತ್ಯಾಸವಲ್ಲ. ಸೋರ್ಸ್ ಬದಲಿಸುವ ಗೋಜು ಕಡಿಮೆ, ಸೀಸಿಯಂನ ಗಾಮಾ ಕಿರಣಕ್ಕೆ ಅಷ್ಟು ದಪ್ಪದ ರಕ್ಷಾಕವಚವೂ ಬೇಡ.

ಪುಡಿ ಬೇಡ, ಗಾಜು ಇರಲಿ

ಸೀಸಿಯಂ ಅನ್ನು ಗಾಜಾಗಿಸುವ ತಾಪತ್ರಯ ಯಾಕೆ ಎಂದು ಕೇಳಬಹುದು. ಪ್ರಪಂಚದ ಬಹುಪಾಲು ಇರ್ರೇಡಿಯೇಟರ್‌ಗಳಲ್ಲಿ ಇರುವುದು ಸೀಸಿಯಂ ಕ್ಲೋರೈಡ್, ಅಡುಗೆ ಉಪ್ಪಿನಂಥ ಲವಣ. ಸಣ್ಣ ಜಾಗದಲ್ಲಿ ಹೆಚ್ಚು ಶಕ್ತಿ ತುಂಬಬಹುದು, ಅದೇ ಅದರ ಆಕರ್ಷಣೆ. ಆದರೆ ಡಬ್ಬಿ ಒಡೆದರೆ ಅದು ನೀರಿನಲ್ಲಿ ಕರಗುತ್ತದೆ, ಕೈಗೆ ಬಟ್ಟೆಗೆ ಅಂಟುತ್ತದೆ.

1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾ ನಗರದಲ್ಲಿ ಖಾಲಿ ಬಿದ್ದ ಕ್ಲಿನಿಕ್‌ನಿಂದ ರೇಡಿಯೋಥೆರಪಿ ಯಂತ್ರದ ಭಾಗವೊಂದು ಗುಜರಿಗೆ ಹೋಯಿತು. ಒಳಗಿದ್ದ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು. ಜನ ಅದನ್ನು ಮನೆಮನೆಗೆ ಹಂಚಿಕೊಂಡರು, ಮೈಗೆ ಹಚ್ಚಿಕೊಂಡರು. ನಾಲ್ವರು ಸತ್ತರು, ಅವರಲ್ಲಿ ಆರು ವರ್ಷದ ಹುಡುಗಿಯೂ ಒಬ್ಬಳು. ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತಪಾಸಣೆ ಮಾಡಬೇಕಾಯಿತು. 249 ಮಂದಿಯಲ್ಲಿ ಸೀಸಿಯಂ ಪತ್ತೆಯಾಯಿತು. ಅಷ್ಟೆಲ್ಲ ದೂರ ಬೇಡ ಎಂದರೆ 2019ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಹಳೆಯ ಇರ್ರೇಡಿಯೇಟರ್ ತೆಗೆಯುವಾಗ ಸೋರ್ಸ್‌ಗೆ ಗಾಯವಾಗಿ ಒಂದು ಕಟ್ಟಡವನ್ನೇ ಮುಚ್ಚಬೇಕಾಯಿತು.

ಗಾಜಿನೊಳಗಿನ ಸೀಸಿಯಂ ಹಾಗೆ ಹರಡುವುದಿಲ್ಲ. ಒಡೆದರೂ ತುಂಡುಗಳಾಗುತ್ತದೆ, ನೀರಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅಷ್ಟೇ ಗಾತ್ರದಲ್ಲಿ ಶಕ್ತಿ ಕಡಿಮೆ ಎನ್ನುವುದು ಅದರ ಬೆಲೆ. ಆ ಬೆಲೆ ಕೊಡುವುದು ಸರಿ ಎಂಬುದು ನನ್ನ ಅಭಿಪ್ರಾಯ. ಔಷಧದಲ್ಲೂ ಹೀಗೇ. ಮದ್ದು ಯಾವುದು ಎನ್ನುವಷ್ಟೇ ಅದು ಯಾವ ರೂಪದಲ್ಲಿದೆ ಎನ್ನುವುದೂ ಮುಖ್ಯ.

ಹಾಗೆಂದು ವಿಷಯ ಇಲ್ಲಿಗೆ ಮುಗಿಯಿತು ಎನ್ನುವಂತಿಲ್ಲ. ಫ್ರಾನ್ಸ್ ಮತ್ತು ನಾರ್ವೆ ಸೀಸಿಯಂ ಇರ್ರೇಡಿಯೇಟರ್‌ಗಳನ್ನೇ ಕೈಬಿಟ್ಟು ಎಕ್ಸ್-ರೇ ಯಂತ್ರಗಳಿಗೆ ಹೋಗಿವೆ. ಅಮೆರಿಕ 2027ರ ಕೊನೆಯ ಗಡುವು ಇಟ್ಟುಕೊಂಡಿದೆ. ಎಕ್ಸ್-ರೇ ಯಂತ್ರದ ಸ್ವಿಚ್ ಆರಿಸಿದರೆ ವಿಕಿರಣ ನಿಂತಿತು, ಕದ್ದೊಯ್ಯಲು ಒಳಗೇನೂ ಇಲ್ಲ. ಅದಕ್ಕೆ ಸರಿಯಾದ ಕರೆಂಟು, ರಿಪೇರಿಗೆ ಜನ ಬೇಕು. ಮುಂಬೈ, ಚೆನ್ನೈ, ಹೈದರಾಬಾದ್‌ನ ದೊಡ್ಡ ಆಸ್ಪತ್ರೆಗಳಿಗೆ ಇದು ಆಗದ ಮಾತಲ್ಲ. ಜಿಲ್ಲಾ ಕೇಂದ್ರದ ಬ್ಲಡ್ ಬ್ಯಾಂಕಿಗೆ ಸೀಸಿಯಂ ಪೆನ್ಸಿಲ್ ಹೆಚ್ಚು ಅನುಕೂಲ. ಆದರೆ ಕಾವಲಿನ ವ್ಯವಸ್ಥೆ ಸಡಿಲವಾಗಿರುವ ಸಾಧ್ಯತೆಯೂ ಅಂಥ ಕಡೆಯೇ ಹೆಚ್ಚು.

ನಲವತ್ತು ಸಾವಿರದಲ್ಲಿ ಒಂದು ಪಾಲು

ಸ್ಟ್ರಾಂಷಿಯಂ-90ರ ಕಥೆ ಹೆಚ್ಚು ನಾಜೂಕು. ಔಷಧ ಅದಲ್ಲ, ಅದರ ಮಗಳು. ಸುಮಾರು 29 ವರ್ಷ ಅರ್ಧಾಯುವಿನ ಸ್ಟ್ರಾಂಷಿಯಂ-90 ನಿಧಾನವಾಗಿ ಯಿಟ್ರಿಯಂ-90 ಆಗುತ್ತಾ ಹೋಗುತ್ತದೆ. ಯಿಟ್ರಿಯಂ-90 ಬರೀ 64 ಗಂಟೆಯ ಅರ್ಧಾಯುವಿನದು. ಅದು ಹೊರಡಿಸುವ ಬೀಟಾ ಕಣ ದೇಹದೊಳಗೆ ಕೆಲವೇ ಮಿಲಿಮೀಟರ್ ಸಾಗುತ್ತದೆ. ಗೆಡ್ಡೆಯನ್ನು ಹುಡುಕಿ ಹೋಗುವ ಪೆಪ್ಟೈಡ್ ಅಥವಾ ಆ್ಯಂಟಿಬಾಡಿಗೆ ಇದನ್ನು ಅಂಟಿಸಿ ಕೊಟ್ಟರೆ ಗೆಡ್ಡೆಗೆ ಏಟು, ಸುತ್ತಲಿನ ಭಾಗ ಬಹುಮಟ್ಟಿಗೆ ಸುರಕ್ಷಿತ. ಊದಿಕೊಂಡ ಮಂಡಿಯ ಕೀಲಿನೊಳಗೆ ಚುಚ್ಚುವುದಕ್ಕೂ ಯಿಟ್ರಿಯಂ-90 ಬಳಸುತ್ತಾರೆ, ಹಿಮೊಫೀಲಿಯಾ ಇರುವವರಲ್ಲಿ ಕೂಡ.

ಹಸುವಿನ ಹಾಲು ಕರೆದಂತೆ, ಸ್ಟ್ರಾಂಷಿಯಂ ಇಟ್ಟುಕೊಂಡು ಕೆಲವು ದಿನಕ್ಕೊಮ್ಮೆ ಯಿಟ್ರಿಯಂ ಕರೆದುಕೊಳ್ಳಬಹುದು. ತೊಡಕಿರುವುದು ಇಲ್ಲೇ. ಸ್ಟ್ರಾಂಷಿಯಂ ದೇಹಕ್ಕೆ ಕ್ಯಾಲ್ಸಿಯಂನಂತೆ ಕಾಣುತ್ತದೆ. ಒಳಗೆ ಹೋದದ್ದು ನೇರ ಮೂಳೆಗೆ ಸೇರಿ ವರ್ಷಗಟ್ಟಲೆ ಅಸ್ಥಿಮಜ್ಜೆಯನ್ನು ಸುಡುತ್ತದೆ. ದೇಹದಲ್ಲಿ ಇರಬಹುದಾದ ಮಿತಿ ಎಂದು ಬಹುಕಾಲದಿಂದ ಹೇಳಿಕೊಂಡು ಬಂದಿರುವುದು 74 ಕಿಲೋಬೆಕ್ವೆರೆಲ್. ರೋಗಿಗೆ 3 ಗಿಗಾಬೆಕ್ವೆರೆಲ್ ಯಿಟ್ರಿಯಂ ಕೊಡುತ್ತಿದ್ದೀರಿ ಎಂದುಕೊಳ್ಳಿ. ಭಾಗಿಸಿ ನೋಡಿ, ನಲವತ್ತು ಸಾವಿರದಲ್ಲಿ ಒಂದು ಪಾಲು ಸ್ಟ್ರಾಂಷಿಯಂ ಜೊತೆಗೆ ಬಂದರೂ ಮಿತಿ ತುಂಬಿತು.

ಬಾರ್ಕ್ ವಿಜ್ಞಾನಿಗಳು ಇದಕ್ಕೆ ತೆಳುವಾದ ರಂಧ್ರಯುಕ್ತ ಪೊರೆಗಳನ್ನು ಬಳಸಿದರು. ಪೊರೆಯ ರಂಧ್ರಗಳಲ್ಲಿ ಯಿಟ್ರಿಯಂಗೆ ಮಾತ್ರ ಒಲಿಯುವ ದ್ರವ ನೆನೆದಿರುತ್ತದೆ. ಒಂದು ಕಡೆಯ ಸ್ಟ್ರಾಂಷಿಯಂ ದ್ರಾವಣದಿಂದ ಯಿಟ್ರಿಯಂ ಪೊರೆಯೊಳಗೆ ನುಸುಳಿ ಆಚೆ ಬರುತ್ತದೆ, ಸ್ಟ್ರಾಂಷಿಯಂ ಈಚೆಯೇ ಉಳಿಯುತ್ತದೆ. ಒಂದೇ ಪೊರೆಯನ್ನು ನಂಬಿ ಕೂರದೆ ಬೇರೆ ಜಾತಿಯ ದ್ರವ ನೆನೆಸಿದ ಇನ್ನೊಂದು ಪೊರೆಯ ಮೂಲಕವೂ ದಾಟಿಸುತ್ತಾರೆ.

ಆದರೆ ಶುದ್ಧವಾಯಿತು ಎಂದು ತಿಳಿಯುವುದು ಹೇಗೆ? ಯಿಟ್ರಿಯಂ, ಸ್ಟ್ರಾಂಷಿಯಂ ಎರಡೂ ಬೀಟಾ ಸೂಸುವಂಥವು. ದೊಡ್ಡ ಜಾತ್ರೆಯ ಗದ್ದಲದಲ್ಲಿ ಒಬ್ಬನ ಪಿಸುಮಾತು ಕೇಳಿಸಿಕೊಂಡಂತೆ. ಯಿಟ್ರಿಯಂ ಪೂರ್ತಿ ಕರಗಿಹೋಗಲಿ, ಆಮೇಲೆ ಉಳಿದ ಸ್ಟ್ರಾಂಷಿಯಂ ಅಳೆಯೋಣ ಎಂದರೆ ಸುಮಾರು ನಾಲ್ಕು ವಾರ ಕಾಯಬೇಕು. ಅಷ್ಟರಲ್ಲಿ ಔಷಧವೇ ಇರುವುದಿಲ್ಲ. ಬಾರ್ಕ್‌ನವರು ಕಂಡುಕೊಂಡ ಪರೀಕ್ಷೆ ಫಾರ್ಮಸಿ ವಿದ್ಯಾರ್ಥಿಗಳಿಗೆ ಪರಿಚಿತವಾದ ಪೇಪರ್ ಕ್ರೊಮಟೋಗ್ರಫಿಯ ಚತುರ ರೂಪ. ಕಾಗದದ ಪಟ್ಟಿಯ ಬುಡದಲ್ಲಿ ಯಿಟ್ರಿಯಂ ಹಿಡಿಯುವ ರಾಸಾಯನಿಕದ ಒಂದು ಚುಕ್ಕೆ, ಅದರ ಮೇಲೆ ಔಷಧದ ಒಂದು ಹನಿ. ಪಟ್ಟಿಯ ತುದಿಯನ್ನು ಸಲೈನ್‌ನಲ್ಲಿ ಅದ್ದಿದರೆ ನೀರು ಮೇಲೇರುತ್ತದೆ. ಯಿಟ್ರಿಯಂ ಬುಡದಲ್ಲೇ ಸಿಕ್ಕಿಕೊಳ್ಳುತ್ತದೆ, ಸ್ಟ್ರಾಂಷಿಯಂ ಇದ್ದರೆ ನೀರಿನ ಜೊತೆ ತುದಿಗೆ ಹೋಗುತ್ತದೆ. ತುದಿಯನ್ನು ಕತ್ತರಿಸಿ ಎಣಿಸಿದರೆ ಉತ್ತರ ಸಿಕ್ಕಿತು. ರೋಗಿಗೆ ಕೊಡುವ ಮೊದಲೇ ಉತ್ತರ ಸಿಗುತ್ತದೆ ಎನ್ನುವುದೇ ಇದರ ಹೆಚ್ಚುಗಾರಿಕೆ.

ಒಂದು ಗೊಂದಲ ಬಗೆಹರಿಸಿಬಿಡುತ್ತೇನೆ. ಯಕೃತ್ತಿನ ಕ್ಯಾನ್ಸರ್‌ಗೆ ಕೊಡುವ ಯಿಟ್ರಿಯಂ-90ರ ಗಾಜಿನ ಸೂಕ್ಷ್ಮ ಮಣಿಗಳು ತ್ಯಾಜ್ಯದಿಂದ ಬಂದವಲ್ಲ. ಸಾಮಾನ್ಯ ಯಿಟ್ರಿಯಂ ಇರುವ ಗಾಜನ್ನೇ ರಿಯಾಕ್ಟರ್‌ನಲ್ಲಿಟ್ಟು ಮಾಡಿದ್ದು. ಹಾಗೆಯೇ ಸ್ಕ್ಯಾನ್‌ಗೆ ಬಳಸುವ ಟೆಕ್ನೀಷಿಯಂ, ಥೈರಾಯ್ಡ್‌ಗೆ ಕೊಡುವ ಅಯೋಡಿನ್-131, ಈಗ ಹೆಸರು ಮಾಡಿರುವ ಲುಟೇಷಿಯಂ-177 ಕೂಡ ತ್ಯಾಜ್ಯದ ತೊಟ್ಟಿಯಿಂದ ಬಂದವಲ್ಲ. ಅಯೋಡಿನ್-131ರ ಅರ್ಧಾಯು 8 ದಿನ. ವರ್ಷಗಟ್ಟಲೆ ತಣಿಸಿದ ಇಂಧನದಲ್ಲಿ ಅದನ್ನು ಹುಡುಕುವುದು ವ್ಯರ್ಥ. ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ನಿಮಗೆ ಕೊಡುವ ಔಷಧಗಳಲ್ಲಿ ಹೆಚ್ಚಿನವು ಇವೇ.

ಕಣ್ಣಿಗೆ ಬೆಳ್ಳಿಯ ಬಟ್ಟಲು

ರುಥೇನಿಯಂ-106 ಕಣ್ಣಿನ ಗೆಡ್ಡೆಗಳಿಗೆ, ಮುಖ್ಯವಾಗಿ ಕೋರಾಯ್ಡ್ ಪದರದ ಮೆಲನೋಮಾ ಮತ್ತು ಮಕ್ಕಳಲ್ಲಿ ಬರುವ ರೆಟಿನೋಬ್ಲಾಸ್ಟೋಮಾಕ್ಕೆ. ಬೆಳ್ಳಿಯ ಸಣ್ಣ ಬಾಗಿದ ತಟ್ಟೆಯ ಮೇಲೆ ರುಥೇನಿಯಂ ಲೇಪಿಸಿ, ಗೆಡ್ಡೆ ಇರುವ ಜಾಗಕ್ಕೆ ಸರಿಯಾಗಿ ಕಣ್ಣುಗುಡ್ಡೆಯ ಹೊರಗೋಡೆಗೆ ಹೊಲಿಯುತ್ತಾರೆ. ಲೆಕ್ಕ ಹಾಕಿದ ಅವಧಿ ಮುಗಿದ ಮೇಲೆ ತೆಗೆಯುತ್ತಾರೆ. ಬೀಟಾ ಕಣಗಳು ಕೆಲವು ಮಿಲಿಮೀಟರ್‌ನಲ್ಲೇ ಸೋತುಬೀಳುವುದರಿಂದ ತೆಳು ಗೆಡ್ಡೆಗಳಿಗೆ ಇದು ಹೇಳಿಮಾಡಿಸಿದ ಹಾಗಿದೆ. ಗೆಡ್ಡೆ ದಪ್ಪವಾಗಿದ್ದರೆ ಪ್ರಯೋಜನವಿಲ್ಲ. ಹೊತ್ತಿಗೆ ಸರಿಯಾಗಿ ಬಂದವರಲ್ಲಿ ಕಣ್ಣು ತೆಗೆಯುವುದನ್ನೇ ತಪ್ಪಿಸಬಹುದು. ಮೊದಲು ಈ ತಟ್ಟೆಗಳು ಜರ್ಮನಿಯಿಂದ ಬರುತ್ತಿದ್ದವು. 2020ರಲ್ಲಿ ದೆಹಲಿ ಏಮ್ಸ್‌ನ ಡಾ. ರಾಜೇಂದ್ರ ಪ್ರಸಾದ್ ನೇತ್ರ ಕೇಂದ್ರದಲ್ಲಿ ಬಾರ್ಕ್ ತಯಾರಿಸಿದ ತಟ್ಟೆಗಳನ್ನು ರೋಗಿಗಳಿಗೆ ಬಳಸಿದ ವಿವರವನ್ನು ಸರ್ಕಾರ ಪ್ರಕಟಿಸಿತು.

ಇಲ್ಲಿ ಕಾಲದ ಲೆಕ್ಕ ಸೀಸಿಯಂಗಿಂತ ಬೇರೆ. ರುಥೇನಿಯಂ-106ರ ಅರ್ಧಾಯು 372 ದಿನ. ಹತ್ತು ವರ್ಷ ಹಳೆಯ ತ್ಯಾಜ್ಯದಲ್ಲಿ ಅದು ಹೆಚ್ಚುಕಡಿಮೆ ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ ಉಳಿದಿರುತ್ತದೆ. ಆಸ್ಪತ್ರೆ ಕೊಂಡ ತಟ್ಟೆಯೂ ಹಾಗೆಯೇ ಮಂಕಾಗುತ್ತದೆ, ಮತ್ತೆ ಹೊಸದು ಬೇಕು. ಹಳೆಯ ತೊಟ್ಟಿ ಸಾಲದು, ಇತ್ತೀಚೆಗೆ ರಿಯಾಕ್ಟರ್‌ನಿಂದ ಬಂದ ಇಂಧನದ ಮರುಸಂಸ್ಕರಣೆ ನಡೆಯುತ್ತಲೇ ಇರಬೇಕು.

ರುಥೇನಿಯಂಗೆ ಇನ್ನೊಂದು ಗುಣವಿದೆ. ಅದನ್ನು ಚೆನ್ನಾಗಿ ಆಕ್ಸಿಡೈಸ್ ಮಾಡಿದರೆ ಟೆಟ್ರಾಕ್ಸೈಡ್ ಆಗಿ ಆವಿಯಾಗುತ್ತದೆ. ಬೇರ್ಪಡಿಸಲು ಈ ಗುಣ ಅನುಕೂಲ, ಸುರಕ್ಷತೆಗೆ ತಲೆನೋವು. 2017ರ ಶರತ್ಕಾಲದಲ್ಲಿ ಯುರೋಪಿನ ಹಲವು ದೇಶಗಳ ಗಾಳಿಯಲ್ಲಿ ಇದ್ದಕ್ಕಿದ್ದಂತೆ ರುಥೇನಿಯಂ-106 ಕಂಡಿತು. ಆರೋಗ್ಯಕ್ಕೆ ಹಾನಿಯಾಗುವಷ್ಟು ಇರಲಿಲ್ಲ. ವಿಜ್ಞಾನಿಗಳ ವಿಶ್ಲೇಷಣೆ ರಷ್ಯಾದ ದಕ್ಷಿಣ ಯುರಲ್ ಪ್ರದೇಶದ ಕಡೆಗೆ, ಮಯಾಕ್ ಮರುಸಂಸ್ಕರಣಾ ಕೇಂದ್ರದ ಕಡೆಗೆ ಬೆರಳು ತೋರಿಸಿತು. ರಷ್ಯಾ ಒಪ್ಪಲಿಲ್ಲ. ಈ ವಿಧಾನಗಳು ಅಪಾಯವಿಲ್ಲದವು ಎನ್ನುವವರಿಗೆ ಈ ಒಂದು ಉದಾಹರಣೆ ಸಾಕು.

ಉಳಿದ ತ್ಯಾಜ್ಯ ಎಲ್ಲಿ ಹೋಯಿತು?

ಎಲ್ಲೂ ಹೋಗಲಿಲ್ಲ. ಆಸ್ಪತ್ರೆಗಳಿಗೆ ಬೇಕಾದದ್ದು ಅಲ್ಪ. ಸೀಸಿಯಂ, ಸ್ಟ್ರಾಂಷಿಯಂ ಪೂರ್ತಿ ತೆಗೆದರೆ ಉಳಿದ ಗಾಜು ಕಡಿಮೆ ಬಿಸಿಯಾಗುತ್ತದೆ, ಅದನ್ನು ಇಡುವುದು ಸುಲಭವಾಗುತ್ತದೆ, ಅದು ನಿಜವಾದ ಲಾಭ. ಆದರೆ ಸಾವಿರಾರು ವರ್ಷದ ಮಾತು ಬಂದಾಗ ಹೆಸರು ಕೇಳಿಬರುವವು ಬೇರೆ: 432 ವರ್ಷ ಅರ್ಧಾಯುವಿನ ಅಮೆರಿಷಿಯಂ-241, ಎರಡು ದಶಲಕ್ಷ ವರ್ಷ ಮೀರಿದ ನೆಪ್ಟ್ಯೂನಿಯಂ-237. ಇಂಥವನ್ನು ಬೇರ್ಪಡಿಸುವ ಪ್ರಾಯೋಗಿಕ ಘಟಕ ತಾರಾಪುರದಲ್ಲಿದೆ. ಬೇರ್ಪಡಿಸಿದ ಮೇಲೂ ಅವನ್ನು ವಿಶೇಷ ರಿಯಾಕ್ಟರ್‌ಗಳಲ್ಲಿ ಸುಡಬೇಕು, ಇಲ್ಲವೇ ಇಟ್ಟುಕೊಳ್ಳಬೇಕು. ಬೇರ್ಪಡಿಸುವ ಕೆಲಸವೇ ಹಾಳಾದ ದ್ರಾವಕ, ತೊಳೆದ ನೀರು, ಸವೆದ ಉಪಕರಣಗಳೆಂಬ ಹೊಸ ತ್ಯಾಜ್ಯ ಹುಟ್ಟಿಸುತ್ತದೆ. ಗಾಜಿನ ಡಬ್ಬಿಗಳನ್ನು ಶಾಶ್ವತವಾಗಿ ಹೂಳುವ ಆಳದ ಸುರಂಗ ಭಾರತದಲ್ಲಿ ಇನ್ನೂ ಇಲ್ಲ. 100 ಗಿಗಾವ್ಯಾಟ್ ಗುರಿಯ ಜೊತೆಗೇ ಕೇಳಬೇಕಾದ ಪ್ರಶ್ನೆ ಇದು. ಕಣ್ಣಿನ ತಟ್ಟೆಯನ್ನು ತೋರಿಸಿ ಈ ಪ್ರಶ್ನೆಯನ್ನು ಬದಿಗೆ ಸರಿಸುವುದು ಸರಿಯಲ್ಲ.

ಆಸ್ಪತ್ರೆಗೆ ಬಂದ ಸೋರ್ಸ್‌ನ ಆಯುಸ್ಸು ಮುಗಿದಾಗಿನ ಪ್ರಶ್ನೆಯೂ ಇದೆ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಕೋಬಾಲ್ಟ್-60 ಇದ್ದ ಹಳೆಯ ಸಂಶೋಧನಾ ಉಪಕರಣವನ್ನು ಬಿಚ್ಚಿದ ಕೆಲಸಗಾರರಲ್ಲಿ ಒಬ್ಬರು ತೀರಿಕೊಂಡರು, ಹಲವರು ಆಸ್ಪತ್ರೆ ಸೇರಿದರು. ಆ ಉಪಕರಣ ವಿಶ್ವವಿದ್ಯಾಲಯವೊಂದರಲ್ಲಿ ವರ್ಷಗಟ್ಟಲೆ ಬಳಕೆಯಿಲ್ಲದೆ ಬಿದ್ದಿದ್ದು, ಹರಾಜಾಗಿ ಹೊರಬಂದಿತ್ತು. ನಿಯಮದ ಪ್ರಕಾರ ಇಂಥ ಸೋರ್ಸ್‌ಗಳ ಲೆಕ್ಕ ಅಣುಶಕ್ತಿ ನಿಯಂತ್ರಣ ಮಂಡಳಿಯ ಬಳಿ ಇರಬೇಕು, ಕೆಲಸ ಮುಗಿದ ಮೇಲೆ ಅದರ ಅನುಮತಿ ಪಡೆದು ಸುರಕ್ಷಿತವಾಗಿ ವಾಪಸ್ ಕಳಿಸಬೇಕು. ನೀವು ಆಸ್ಪತ್ರೆಯ ಆಡಳಿತದಲ್ಲೋ, ಬ್ಲಡ್ ಬ್ಯಾಂಕಿನಲ್ಲೋ, ಕಾಲೇಜಿನ ಲ್ಯಾಬಿನಲ್ಲೋ ಕೆಲಸ ಮಾಡುತ್ತಿದ್ದು, ಮೂಲೆಯಲ್ಲಿ ಮೂರೆಲೆಯ ವಿಕಿರಣ ಚಿಹ್ನೆ ಇರುವ ಹಳೆಯ ಭಾರದ ಪೆಟ್ಟಿಗೆ ಕಂಡರೆ ಅದನ್ನು ಗುಜರಿಯವರಿಗೆ ತೋರಿಸಬೇಡಿ. ಸಂಸ್ಥೆಯ ವಿಕಿರಣ ಸುರಕ್ಷತಾ ಅಧಿಕಾರಿಯನ್ನು ಕರೆಯಿರಿ. ಅಂಥ ಅಧಿಕಾರಿ ಯಾರೂ ಇಲ್ಲವೆಂದರೆ ನೇರವಾಗಿ ಮಂಡಳಿಗೆ ತಿಳಿಸಿ.